ಹಾಡುವವಳ ಗಂಟಲು ಹೋದ ಮೇಲೆ

ನಮ್ಮ ಕಡೆ ಪಂಕ್ ಎಂಬ ಕಿರುಚಾಟದ ಸಂಗೀತ ಎಂದರೇನೆಂದು ಯಾರಿಗೂ ಗೊತ್ತಿಲ್ಲದಾಗ ಮುಂಬೈ ಪಕ್ಕದ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ಖಾಲಿ ಶೆಡ್ಡಿನಲ್ಲಿ ನಾವು ಮೂವರು ಬ್ಯಾಂಡ್ ಕಟ್ಟಿದೆವು. ನನ್ನದು ಡ್ರಮ್ಸ್, ಗೆಳೆಯನದು ಗಿಟಾರು, ಹಾಡುವವಳು ಅವನ ತಂಗಿ. ಲೋಕಲ್ ರೈಲಿನ ನೂಕಾಟದ ಬಗ್ಗೆ ಅವಳು ಕನ್ನಡದಲ್ಲಿ ಕಿರುಚಿದರೆ ಕನ್ನಡ ಬಾರದವರೂ ಕುಣಿಯುತ್ತಿದ್ದರು. ನೆರೂಳದ ಕಾಲೇಜಿನಲ್ಲಂತೂ ಇಡೀ ಸಭಾಂಗಣ ನಮ್ಮೊಂದಿಗೆ ಹಾಡಿತು.

ಆಮೇಲೆ ಅವಳ ಗಂಟಲು ಕೆಟ್ಟಿತು. ಇನ್ನು ಕಿರುಚಲೇಬಾರದು ಎಂದರು ಡಾಕ್ಟರು. ಗೆಳೆಯ ಬೇರೊಬ್ಬ ಹಾಡುಗಾರ್ತಿಯನ್ನು ಕರೆತಂದ. ತಂಗಿ ಶೆಡ್ಡಿನ ಬಾಗಿಲಲ್ಲಿ ನಿಂತು ಒಂದು ಹಾಡು ಕೇಳಿದಳು.

“ಲಾಯ್ಕುಂಟು ಅಣ್ಣ” ಎಂದು ಪಿಸುದನಿಯಲ್ಲಿ ಹೇಳಿ ಹೋದಳು.

ಅವನು ಗಿಟಾರು ಕೆಳಗಿಟ್ಟ. “ಸಾಕು ಮಾರಾಯ, ಇನ್ನು ಬೇಡ” ಅಂದ.

ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಡ್ರಮ್ಸ್ ಬಿಚ್ಚಿ ರಿಕ್ಷಾಕ್ಕೆ ಹೇರಿದೆ. ಮನೆಯಲ್ಲಿ “ಹಸಿವಿಲ್ಲಮ್ಮ” ಎಂದೆ, ಬಡಿಸಿದ್ದನ್ನೆಲ್ಲ ತಿಂದೆ.