ಸೋಮವಾರದ ಗುಳಿಗೆ

ಮೊನ್ನೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಒಂದು ಸೋಡಾಕ್ಕಾಗಿ ಜಗಳ ತೆಗೆದೆ. ಒಂದು ಗುಟುಕು ಕುಡಿದರೆ ತಗಡು ನೆಕ್ಕಿದ ಹಾಗಿತ್ತು. ಸೋಡಾದವನು ಇನ್ನೊಂದು ಬಾಟ್ಲಿ ಒಡೆದುಕೊಟ್ಟ. ಅದೂ ಹಾಗೇ. "ಸೋಡಾ ಬರೋಬರಿ ಐತ್ರಿ ಸರ್. ಜರಾ ನಿಮ್ಮ ಬಾಯಿ ತೋರಿಸ್ಕೋರಿ," ಎಂದ. ಜೊತೆಗಿದ್ದ ನನ್ನ ಹೆಂಡತಿ ಒಂದು ಗುಟುಕು ಕುಡಿದು ಅವನ ಪಕ್ಷ ಸೇರಿದಳು.

ಆಗ ನೆನಪಾಯಿತು. ಅರ್ಧ ತಲೆನೋವು ಪದೇ ಪದೇ ಬರದಿರಲೆಂದು ಡಾಕ್ಟರು ಹೊಸ ಗುಳಿಗೆ ಬರೆದುಕೊಟ್ಟಿದ್ದರು. ಬೆರಳು ಜುಮುಗುಡಬಹುದು, ಸೋಡಾ ರುಚಿ ಕೆಡಬಹುದು, ನೀರು ಚೆನ್ನಾಗಿ ಕುಡಿಯಿರಿ, ನನ್ನನ್ನು ಕೇಳದೆ ಮಾತ್ರ ನಿಲ್ಲಿಸಬೇಡಿ ಎಂದಿದ್ದರು. ನಾನು ತಲೆಯಾಡಿಸಿದ್ದೆ. ಡಾಕ್ಟರ ಎದುರು ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಈಗ ಸಿಟ್ಟು ಬಂದು, ತಲೆ ಒಡೆದುಹೋದರೂ ಸರಿ, ನಾಳೆಯಿಂದ ಗುಳಿಗೆ ಬಂದ್ ಎಂದು ಘೋಷಿಸಿದೆ. ಹೆಂಡತಿ ನನ್ನ ಜೇಬಿನಿಂದ ಗುಳಿಗೆಯ ಹಾಳೆ ತೆಗೆದು ನೋಡಿ, "ಇದು ಮುಡಬಿ ದೊಡ್ಡವ್ವನ ಗುಳಿಗಿ ಅಲ್ಲೇನ್ರಿ?" ಎಂದಳು.

ಹೌದು, ಅದೇ. ಮೂರ್ಛೆಗೂ ಕೊಡುತ್ತಾರೆ, ಅರ್ಧ ತಲೆನೋವಿಗೂ ಕೊಡುತ್ತಾರೆ.

ಮುಡಬಿ ಊರಿನ ನನ್ನ ದೊಡ್ಡವ್ವನಿಗೆ ಮೂರ್ಛೆ ಬರುತ್ತಿತ್ತು. ಬಿದ್ದಾಗಲೆಲ್ಲ ಓಣಿಯವರು ಮೂಗಿಗೆ ಉಳ್ಳಾಗಡ್ಡಿ, ಕೈಗೆ ಕೀಲಿಕೈ ಹಿಡಿದು ಓಡಿ ಬರುತ್ತಿದ್ದರು. ದೊಡ್ಡಪ್ಪ ಅವರನ್ನೆಲ್ಲ ದೂರ ನಿಲ್ಲಿಸಿ, ಡಾಕ್ಟರು ಹೇಳಿದ ಹಾಗೆ ಅವಳನ್ನು ಮಗ್ಗುಲಿಗೆ ಹೊರಳಿಸುತ್ತಿದ್ದ. ಅವಳಿಗೆ ಮೂರ್ಛೆಗಿಂತ ಹೆಚ್ಚು ನೋವು ಕೊಟ್ಟದ್ದು, ಒಲೆಯ ಹತ್ತಿರ ಹೋಗಬೇಡ ಎಂಬ ಮಾತು. ರೊಟ್ಟಿ ಬಡಿಯುವುದರಲ್ಲಿ ಹೆಸರಾದವಳು ಅವಳು. ಬಸವಕಲ್ಯಾಣದ ಡಾಕ್ಟರ ಗುಳಿಗೆ ಹತ್ತಿ, ಬಹಳ ದಿನ ಮೂರ್ಛೆ ಬಾರದೆ, ಮತ್ತೆ ಒಲೆಯ ಮುಂದೆ ಕುಳಿತ ದಿನ ಅವಳು ಅತ್ತಳಂತೆ. ಹೊಗೆಗೆ ಅಂತ ಹೇಳಿಕೊಂಡಳಂತೆ.

ಆಮೇಲೆ ಶ್ರಾವಣ ಬಂತು. ಸೋಮವಾರ ಅವಳದು ಕಡಕ್ ಉಪವಾಸ. ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು, ಗುಳಿಗೆಯೂ! ಬೆಳಗಿನದನ್ನೂ ಬಿಟ್ಟಳು, ಸಂಜೆಯದನ್ನೂ ಬಿಟ್ಟಳು. ಮರುದಿನ ಒಲೆಯ ಪಕ್ಕವೇ ಬಿದ್ದು ಮುಂಗೈ ಸುಟ್ಟುಕೊಂಡಳು. ಡಾಕ್ಟರು ಬೈದರು. ಖಾಲಿ ಹೊಟ್ಟೆಗೂ ನಡೆಯುತ್ತದೆ, ಬಿಡುವಂತಿಲ್ಲ ಎಂದರು. "ಗುಳಿಗಿ ನುಂಗಿದ್ರ ಅದು ಎಂಥಾ ಉಪಾಸ್ರಿ?" ಎಂದು ಇವಳು ಅವರನ್ನೇ ಕೇಳಿದಳು.

ದೊಡ್ಡಪ್ಪ ಕಿಲಾಡಿ. ಮುಂದಿನ ಸೋಮವಾರ ಗುಳಿಗೆಯನ್ನು ದೇವರ ಜಗಲಿಯ ಮೇಲಿಟ್ಟು, ಊದಿನಕಡ್ಡಿ ಬೆಳಗಿ, "ಈಗ ಇದು ಪ್ರಸಾದ. ಪ್ರಸಾದಕ್ಕ ಉಪಾಸ ಮುರಿಯಂಗಿಲ್ಲ," ಎಂದ. ದೊಡ್ಡವ್ವ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ನುಂಗಿದಳು. ಅವನು ಮೀಸೆ ತಿರುವುತ್ತ ಊರೆಲ್ಲ ಅಡ್ಡಾಡಿದ.

ಅದರ ಮುಂದಿನ ಸೋಮವಾರ ನಾನೂ ಮುಡಬಿಯಲ್ಲಿದ್ದೆ. ದೊಡ್ಡವ್ವ ಇಡೀ ಹಾಳೆಯ ಗುಳಿಗೆಗಳನ್ನು ಬಿಡಿಸಿ ತಟ್ಟೆಗೆ ಹಾಕಿ, ಪೂಜೆ ಮುಗಿಸಿ, ಹಂಚಲು ಹೊರಟಳು. ಪ್ರಸಾದವನ್ನು ಒಬ್ಬಳೇ ತಿನ್ನುವವಳಲ್ಲ ಅವಳು. ನನ್ನ ಅಂಗೈಗೊಂದು ಬಿತ್ತು. ಓಣಿಯ ಹೆಂಗಸರು ಸಾಲಾಗಿ ಕೈಯೊಡ್ಡಿ ಕುಳಿತಿದ್ದರು. ಕೊನೆಗೆ ಅವಳ ಬಸುರಿ ಸೊಸೆಯೂ ಕೈಯೊಡ್ಡಿದಳು. ಅಷ್ಟರಲ್ಲಿ ಹೊಲದಿಂದ ಬಂದ ದೊಡ್ಡಪ್ಪ ಚಪ್ಪಲಿ ಸಮೇತ ಒಳಗೆ ನುಗ್ಗಿ ತಟ್ಟೆ ಕಸಿದುಕೊಂಡ. ಹೊಟ್ಟೆಯಲ್ಲಿನ ಕೂಸಿಗೆ ಇದು ಕೆಡುಕು ಮಾಡಬಹುದು, ಸೊಸೆಯ ಕೈಗೆ ಸಿಗದ ಹಾಗೆ ಇಡಿ ಎಂದು ಡಾಕ್ಟರು ಅವನಿಗೆ ಹೇಳಿದ್ದರು.

"ಯಾರೂ ನುಂಗಬ್ಯಾಡ್ರಿ! ಇಳಸ್ರಿ ಕೈಯಾಗಿಂದು!"

"ಪ್ರಸಾದ ಯಾಕ ಕಸಗೊಳ್ಳಾಕತ್ತೀರಿ?" ಎಂದಳು ದೊಡ್ಡವ್ವ.

ಈಗ ನೋಡಿ ಅವನ ಫಜೀತಿ. ಪ್ರಸಾದ ಎಂದರೆ ಹಂಚಬೇಕು. ಬರೀ ಗುಳಿಗೆ ಎಂದರೆ ಸೋಮವಾರ ಅವಳು ನುಂಗುವುದಿಲ್ಲ, ನುಂಗದಿದ್ದರೆ ಬೀಳುತ್ತಾಳೆ. ನಗು ಬಂದರೂ ನನಗೆ ಹೆದರಿಕೆಯಾಗಿತ್ತು. ಕೊನೆಗೆ ದೊಡ್ಡಪ್ಪ, "ಖರೇ ಹೇಳ್ತೀನಿ, ಇದು ಗುಳಿಗಿನ. ಡಾಕ್ಟರು ಬರೆದದ್ದು ನಿನಗ, ನಿನಗೊಬ್ಬಾಕಿಗೆ," ಎಂದ.

ದೊಡ್ಡವ್ವ ಸೊಸೆಯ ಹೊಟ್ಟೆ ನೋಡಿದಳು. ತನ್ನ ಮುಂಗೈಯ ಕಲೆ ನೋಡಿಕೊಂಡಳು. ಆಮೇಲೆ ಗಂಡನನ್ನು ನೋಡಿದಳು.

"ದೇವ್ರ ಹೆಸರಲೆ ಸುಳ್ಳ ಹೇಳಿದ್ರಿ ಹೌದಲ್ರಿ? ಹಂಗಾರ ಗುಳಿಗಿ ನಾ ನುಂಗತೀನಿ, ನನ್ನ ಉಪಾಸ ನೀವು ಮಾಡ್ರಿ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬೆಳಗಾದರೆ ರೊಟ್ಟಿ ಎಲ್ಲಿ ಎಂದು ಕೂಗುವ ಮನುಷ್ಯ ಅಂದಿನಿಂದ ಶ್ರಾವಣದ ಸೋಮವಾರ ಉಪವಾಸವಿರುತ್ತಾನೆ. ದೊಡ್ಡವ್ವ ಅವನ ಎದುರೇ ಗುಳಿಗೆ ನುಂಗಿ, ಬಿಸಿ ರೊಟ್ಟಿ ಬಡಿದು, ಎಣ್ಣೆ, ಖಾರದ ಹಿಂಡಿ ಹಚ್ಚಿಕೊಂಡು ತಿನ್ನುತ್ತಾಳೆ. ಮತ್ತೆ ಬಿದ್ದಿಲ್ಲ. ಅವನು ನೀರು ಕುಡಿಯುತ್ತ ಅವಳ ಎದುರೇ ಕುಳಿತಿರುತ್ತಾನೆ. ಎದ್ದು ಅಂಗಳಕ್ಕೆ ಹೋಗಬಾರದೇ ಎಂದು ನನಗೆ ಅನ್ನಿಸುತ್ತಿತ್ತು.

ಸೋಡಾದವನು ಎರಡು ಬಾಟ್ಲಿಯನ್ನೂ ನನ್ನ ಮುಂದೆ ಸರಿಸಿದ. ಹೆಂಡತಿ ಗುಳಿಗೆಯ ಹಾಳೆಯನ್ನು ಮತ್ತೆ ನನ್ನ ಜೇಬಿಗೆ ಹಾಕಿ ಮೇಲೊಮ್ಮೆ ತಟ್ಟಿದಳು.

"ಗುಳಿಗಿ ನೀವು ನುಂಗ್ರಿ. ಸೋಡಾ ನಾ ಕುಡೀತೀನಿ."

ಎರಡನ್ನೂ ಅವಳು ಸಾವಕಾಶವಾಗಿ, ನನ್ನನ್ನೇ ನೋಡುತ್ತ ಕುಡಿದಳು. ನಾನು ನೀರಿನ ಬಾಟ್ಲಿಯ ಮುಚ್ಚಳ ತೆಗೆದೆ; ಅವಳ ಮುಖ ನೋಡುತ್ತ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ದೊಡ್ಡಪ್ಪ ಹಸಿದುಕೊಂಡೂ ಒಲೆಯ ಮುಂದಿನಿಂದ ಯಾಕೆ ಏಳುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಆಗಲೇ.