ಕಾರಿನ ಒಳಗು ತೊಳೆಯುತ್ತಿದ್ದವಳು

ನಿಪ್ಪಾಣಿಯಲ್ಲಿ ಹೆದ್ದಾರಿಗೆ ಹೊಂದಿಕೊಂಡು ಹಳೇ ಕಾರು ಮಾರುವ ಒಂದು ಅಂಗಳವಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತೇಳು ವರ್ಷ. ಪುಣೆ, ಕೊಲ್ಲಾಪುರದ ಕಡೆಯಿಂದ ನಮ್ಮ ಸಾವ್ಕಾರರು ಕಾರು ತರುತ್ತಿದ್ದರು. ಕಬ್ಬು, ದ್ರಾಕ್ಷಿ ಬೆಳೆಯುವ ಅಥಣಿ, ರಾಯಬಾಗ, ಕಾಗವಾಡದ ರೈತರು ಬಂದು ಕೊಂಡು ಹೋಗುತ್ತಿದ್ದರು. ಇಂಜಿನ್ ನೋಡಲು ಒಬ್ಬ ಮಿಸ್ತ್ರಿ ಇದ್ದ. ನನ್ನ ಪಾಲಿಗೆ ಬಂದದ್ದು ಕಾರಿನ ಒಳಗು. ಬಂದ ಪ್ರತಿ ಗಾಡಿಯ ಬಾಗಿಲು ತೆಗೆದು ಸೀಟು, ಮ್ಯಾಟು, ಮೇಲಿನ ಬಟ್ಟೆ, ಕಿಟಕಿ ತಿರುಗಿಸುವ ಹಿಡಿಕೆ ಎಲ್ಲ ನೋಡಿ ಒಂದು ಚೀಟಿಯಲ್ಲಿ ಬರೆಯಬೇಕು; ಆ ಚೀಟಿಯನ್ನು ಮುಂದಿನ ಗಾಜಿಗೆ ಅಂಟಿಸಬೇಕು. ಕೊಳ್ಳುವವರು ಮೊದಲು ಓದುತ್ತಿದ್ದದ್ದು ಅದನ್ನೇ.

ಕಾರಿನ ಒಳಗು ನೋಡಿದರೆ ಅದರಲ್ಲಿ ಓಡಾಡಿದವರ ಬದುಕೇ ಕಾಣುತ್ತಿತ್ತು. ತಂಬಾಕು ವ್ಯಾಪಾರಿಯ ಗಾಡಿಯಲ್ಲಿ ಎಷ್ಟು ಝಾಡಿಸಿದರೂ ಕಂದು ಪುಡಿ ಉದುರುತ್ತಲೇ ಇರುತ್ತಿತ್ತು. ದ್ರಾಕ್ಷಿ ತೋಟದವರ ಗಾಡಿಯಲ್ಲಿ ಔಷಧಿ ವಾಸನೆ ತಲೆಗೇರುತ್ತಿತ್ತು. ಮಕ್ಕಳಿದ್ದ ಮನೆಯ ಗಾಡಿಯ ಹಿಂದಿನ ಸೀಟಿನ ಸಂದಿಯಲ್ಲಿ ಪೆಪ್ಪರ್‌ಮಿಂಟು, ಪೆನ್ಸಿಲ್ ಚೂರು, ಮುರಿದ ಬಳೆ. ಬಾಗಿಲ ಒಳಬದಿಯಲ್ಲಿ ಎಲೆ ಅಡಿಕೆಯ ಕಲೆ ಇಲ್ಲದ ಗಾಡಿ ಅಪರೂಪ. ಇದನ್ನೆಲ್ಲ ತೊಳೆಯಲು ಮೊದಲಿದ್ದ ಆಳು ಒಂದು ಬಕೆಟ್ ನೀರು ಚೆಲ್ಲಿ, ಸೀಟಿಗೆ ಕೊಬ್ಬರಿ ಎಣ್ಣೆ ಸವರಿ ಮಿಂಚುವ ಹಾಗೆ ಮಾಡಿಬಿಡುತ್ತಿದ್ದ. ಕೂತು ಎದ್ದವರ ಬಿಳೀ ಧೋತರಕ್ಕೆ ಎಣ್ಣೆ ಹತ್ತುತ್ತಿತ್ತು. ಬೈಗುಳ ಜಾಸ್ತಿಯಾದ ಮೇಲೆ ಅವನು ಬಿಟ್ಟು ಹೋದ. ಅವನ ಜಾಗಕ್ಕೆ ಅವಳು ಬಂದಳು.

ಅವಳಿಗೆ ನನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು. ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ನಿಪ್ಪಾಣಿಯ ಹೊರಗಿನ ಒಂದು ವಸ್ತಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಕಂಬಳಿ ಒಗೆದು ಗೊತ್ತಿದ್ದ ಕೈ. ಮೊದಲ ದಿನವೇ ಸಾವ್ಕಾರರು ತರಿಸಿಟ್ಟಿದ್ದ ಸೋಪಿನ ಪುಡಿಯನ್ನು ಬದಿಗೆ ಸರಿಸಿ, ಸೆರಗಿನ ಗಂಟಿನಿಂದ ಅಂಟವಾಳಕಾಯಿ ತೆಗೆದು ಬಿಸಿನೀರಿನಲ್ಲಿ ನೆನೆಹಾಕಿದಳು. ಆ ನೊರೆಯಿಂದ ಸೀಟಿನ ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿದಳು. ನಾಲ್ಕೂ ಬಾಗಿಲು ತೆಗೆದು ಬಿಸಿಲಿಗೆ ಬಿಟ್ಟಳು. ಸಂಜೆ ನಾನು ಮೂಗು ಒಳಗೆ ಹಾಕಿ ನೋಡಿದರೆ ಯಾವ ವಾಸನೆಯೂ ಇರಲಿಲ್ಲ. ಏನೂ ವಾಸನೆ ಇಲ್ಲದ ಹಳೇ ಕಾರನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಚೀಟಿ ಬರೆಯುತ್ತಿದ್ದುದರಿಂದ ಅವಳು ನನ್ನನ್ನು "ಮಾಸ್ತರ್ರ" ಅನ್ನುತ್ತಿದ್ದಳು. ನನಗೆ ಅವಳನ್ನು ಏನಂತ ಕರೆಯಬೇಕೋ ತಿಳಿಯಲಿಲ್ಲ. ಹೆಸರು ಹಿಡಿದು ಕರೆಯಲು ಸಂಕೋಚ, ಅಕ್ಕಾ ಅನ್ನಲು ಮನಸ್ಸಿಲ್ಲ. "ಏನ್ರಿ" ಅನ್ನುತ್ತಿದ್ದೆ. ಮಿಸ್ತ್ರಿ ಕೇಳಿಸಿಕೊಂಡು ನಗುತ್ತಿದ್ದ. "ಹೇಣ್ತಿ ಗಂಡನ್ನ ಕರದಂಗ ಕರೀತಿಯಲ್ಲೋ ಮಾರಾಯಾ!" ಅವಳು ತಲೆ ಎತ್ತದೆ ಗಾಜು ಒರೆಸುತ್ತಲೇ ಇದ್ದಳು. ಆದರೆ ಕಿವಿಯ ಹತ್ತಿರ ಕೆನ್ನೆ ನಗುವಿಗೆ ಸ್ವಲ್ಪ ಉಬ್ಬಿದ್ದು ನನಗೆ ಕಂಡಿತ್ತು.

ಪ್ರತಿ ಕಾರು ತೊಳೆದು ಒಣಗಿದ ಮೇಲೆ ಅವಳು ಒಂದು ಕೆಲಸ ಮಾಡುತ್ತಿದ್ದಳು. ಕಾಲು ಒರೆಸಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಒಂದು ದಿನ ಕೇಳಿದೆ.

"ಏನ ಮಾಡ್ತೀರಿ ಒಳಗ ಕುಂತು?"

"ಹೊಂಟೇನ್ರಿ."

"ಎಲ್ಲಿಗೆ?"

"ಅದನ್ನ ಡ್ರೈವರ್ ಹೇಳಬೇಕು. ನಾ ಹಿಂದ ಕುಂತಾಕಿ."

ಓಡುವ ಕಾರಿನಲ್ಲಿ ತಾನು ಒಮ್ಮೆಯೂ ಕೂತಿಲ್ಲ ಎಂದು ಆಮೇಲೆ ಹೇಳಿದಳು. ಬಸ್ಸು ಗೊತ್ತು, ಟ್ರ್ಯಾಕ್ಟರ್ ಗೊತ್ತು, ಕುರಿ ಹಿಂಡಿನ ಹಿಂದೆ ನಡೆದು ನಡೆದು ಕಾಗವಾಡದಾಚೆಯ ಊರುಗಳೂ ಗೊತ್ತು. ಕಾರು ಮಾತ್ರ ನಿಂತದ್ದೇ ಗೊತ್ತು. ಆ ವಾರವೇ ನಾನು ಮಿಸ್ತ್ರಿಗೆ ಗಂಟುಬಿದ್ದು ಗಾಡಿ ಹೊಡೆಯುವುದನ್ನು ಕಲಿಯಲು ಶುರುಮಾಡಿದೆ. ಯಾಕೆ ಅಂತ ಅವನು ಕೇಳಲಿಲ್ಲ.

ಎರಡನೇ ವರ್ಷದ ಮಳೆಗಾಲ ಮುಗಿದ ಮೇಲೆ, ಕೃಷ್ಣೆಯ ದಂಡೆಯ ಕಡೆಯಿಂದ ಒಂದು ಬಿಳೀ ಅಂಬಾಸಿಡರ್ ಬಂತು. ಹೊರಗಿನಿಂದ ನೋಡಿದರೆ ಮದುವೆಯ ಗಾಡಿ. ಒಳಗೆ ಬಾಗಿಲು ತೆಗೆದರೆ ಕೊಳೆತ ನೀರಿನ ವಾಸನೆ. ಹೊಳೆಯ ನೀರು ಸೀಟಿನ ಮಟ್ಟಕ್ಕೆ ಬಂದು ನಿಂತು ಹೋಗಿತ್ತು. ಸೀಟಿನ ಕೆಳಗಿನ ಸ್ಪ್ರಿಂಗುಗಳಲ್ಲಿ ಕೆಸರು ಗಟ್ಟಿಯಾಗಿತ್ತು, ತಗಡಿಗೆ ತುಕ್ಕು ಹತ್ತಿತ್ತು. ಅವಳು ಮೂರು ದಿನ ತೊಳೆದಳು.

"ಇದು ಹೋಗೂದಿಲ್ರಿ ಸಾವ್ಕಾರ್ರ. ಸೀಟ್ ಬಿಚ್ಚಿ ಒಳಗಿನ ನಾರ ತಗದು ಹೊಸಾದು ತುಂಬಬೇಕು," ಅಂದಳು.

ಸಾವ್ಕಾರರು ಸೀಟಿಗೆ ಹೊಸ ಗವಸು ಹಾಕಿಸಿದರು, ಹೊಸ ಮ್ಯಾಟು ಹಾಸಿಸಿದರು, ಅತ್ತರಿನ ಹತ್ತಿ ತುರುಕಿಸಿದರು. ನನ್ನನ್ನು ಕರೆದು, "ಒಳಗು ಉತ್ತಮ ಅಂತ ಬರಿ," ಅಂದರು. ನಾನು ಬರೆದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ನಾನು ಚೀಟಿ ಅಂಟಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದಳು.

ಕೆಲವು ದಿನಗಳಲ್ಲಿ ರಾಯಬಾಗದ ಕಡೆಯ ಕಬ್ಬಿನ ರೈತರೊಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಇಳಕಲ್ ಸೀರೆ, ಬೆಳ್ಳಿ ಕೂದಲು, ನೆಟ್ಟಗಿನ ಬೆನ್ನು. ಮಗ ಬಿಳೀ ಗಾಡಿಯ ಸುತ್ತ ತಿರುಗಿ ಮೆಚ್ಚಿಕೊಂಡರು. ತಾಯಿ ಒಳಗೆ ಕೂತು, "ಏನ್ ಘಮ್ ಅಂತೈತೋ!" ಅಂದರು. ಆಮೇಲೆ ಬಕೆಟ್ ಹಿಡಿದು ನಿಂತಿದ್ದ ಅವಳ ಕಡೆ ತಿರುಗಿದರು.

"ನೀ ಏನವ್ವಾ ಇದನ್ನ ತೊಳದಾಕಿ? ಚಲೋ ಐತಿಲ್ಲೋ ಗಾಡಿ?"

ಸಾವ್ಕಾರರು ಅಲ್ಲೇ ಇದ್ದರು. ನಾನೂ ಇದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಮಾತಾಡಬೇಕಾದವನು ನಾನು. ನಾನು ಚಪ್ಪಲಿಯ ತುದಿ ನೋಡಿಕೊಂಡು ನಿಂತೆ.

"ಆ ಮ್ಯಾಟ್ ಎತ್ತಿ, ತಳಕ ಕೈ ಹಚ್ಚಿ ನೋಡ್ರೆವ್ವಾ," ಅಂದಳು ಅವಳು.

ಅಜ್ಜಿ ಬಗ್ಗಿ ಮ್ಯಾಟು ಎತ್ತಿ ಕೈ ಇಟ್ಟರು. ಕೈಯನ್ನು ಮೂಗಿಗೆ ಹಿಡಿದರು. ಮಗನಿಗೆ ತೋರಿಸಿದರು. ಸಾವ್ಕಾರರ ಮುಖ ಕೆಂಪಾಯಿತು. "ನಾಳಿಂದ ನೀ ಇತ್ತ ಬರೂದ ಬ್ಯಾಡ," ಎಂದು ಎಲ್ಲರ ಎದುರಿಗೇ ಕೂಗಿದರು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಸಾವಕಾಶವಾಗಿ ಅಂದರು: "ಆಕಿನ್ನ ಬಿಡಿಸಿದ್ರ ನಾವೂ ಬಂದ ದಾರೀಲೇ ಹೋಗ್ತೀವಿ. ಆಕಿ ತೋರ್ಸಿದ ಗಾಡಿನ ನಮಗ ಬೇಕು. ಯಾವ್ದು ಒಯ್ಯೋಣ, ನೀ ಹೇಳವ್ವಾ."

ಮೂಲೆಯಲ್ಲಿ ಒಂದು ಬೂದಿ ಬಣ್ಣದ ಅಂಬಾಸಿಡರ್ ತಿಂಗಳುಗಟ್ಟಲೆ ನಿಂತಿತ್ತು. ಅವಳು ಅದನ್ನು ತೋರಿಸಿದಳು. "ಇದರ ಸೀಟಿನ ಬಣ್ಣ ಹೋಗೈತ್ರಿ. ಬಲಗಡೆ ಬಾಗಲಾ ಜೋರಲೇ ಎಳೀಬೇಕು. ಖರೆ, ಒಳಗ ಒಣಾ ಐತಿ. ಯಾರೋ ಚೊಕ್ಕಾಗಿ ಇಟ್ಟಕೊಂಡಿದ್ದ ಗಾಡಿ." ಅಜ್ಜಿ ಅದರಲ್ಲಿ ಕೂತರು, ಮತ್ತೆ ಏಳಲಿಲ್ಲ. ಗಾಡಿಯ ವ್ಯಾಪಾರ ಮಾತಾಯಿತು. ಅಷ್ಟಕ್ಕೇ ಬಿಡದೆ, "ಶುಕ್ರವಾರ ಗಾಡಿ ಮನಿಗೆ ಬರೂವಾಗ ಇಕಿನೂ ಅದರಾಗ ಕುಂತು ಬರ್ಲಿ. ನಮ್ಮನ್ಯಾಗ ಊಟಾ ಮಾಡಿ ಹೋಗ್ಲಿ," ಎಂದರು. ಸಾವ್ಕಾರರು ಹೂಂ ಅನ್ನದೆ ಗತಿ ಇರಲಿಲ್ಲ. ಗಾಡಿ ಮುಟ್ಟಿಸುವ ಕೆಲಸ ನನಗೆ ಬಂತು.

ಶುಕ್ರವಾರ ಅವಳು ಹಸಿರು ಸೀರೆ ಉಟ್ಟು ಬಂದಳು. ಮುಂದೆ ಕೂತುಕೊಳ್ಳಿ ಅಂದೆ. "ಮಂದಿ ನೋಡ್ತಾರ್ರಿ," ಎಂದು ಹಿಂದಿನ ಬಾಗಿಲು ತೆಗೆದು ಕೂತಳು. ಈ ಸಲ ಕಣ್ಣು ಮುಚ್ಚಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ, ಎರಡೂ ಕೈ ಅಂಚಿನ ಮೇಲಿಟ್ಟು, ಓಡುವ ಗಿಡಗಳನ್ನು ನೋಡುತ್ತಿದ್ದಳು. ಮೇಲಿನ ಕನ್ನಡಿಯಲ್ಲಿ ನನಗೆ ಅವಳ ಹಣೆ ಮತ್ತು ಹಾರುವ ಕೂದಲಷ್ಟೇ ಕಾಣುತ್ತಿತ್ತು. ಚಿಕ್ಕೋಡಿವರೆಗೆ ಇಬ್ಬರೂ ಹತ್ತು ಮಾತೂ ಆಡಲಿಲ್ಲ. ನನಗೆ ಅಷ್ಟು ಸುಖವಾದ ದಾರಿ ಮತ್ತೆ ಸಿಕ್ಕಿಲ್ಲ.

ಚಿಕ್ಕೋಡಿ ದಾಟಿ ನಾಲ್ಕಾರು ತಿರುವು ಕಳೆದ ಮೇಲೆ "ಮಾಸ್ತರ್ರ, ನಿಂದರಸ್ರಿ" ಎಂಬ ದನಿ ಕೇಳಿತು. ನಾನು ಬದಿಗೆ ಹಚ್ಚುವಷ್ಟರಲ್ಲಿ ಅವಳು ವಾಂತಿ ಮಾಡಿಕೊಂಡಿದ್ದಳು. ಸೀಟಿನ ಮೇಲೆ, ಕೆಳಗಿನ ಮ್ಯಾಟಿನ ಮೇಲೆ, ಹಸಿರು ಸೀರೆಯ ಮೇಲೆ. ಕೆಳಗಿಳಿದವಳೇ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಎಷ್ಟ್ ವರ್ಷದ ಆಸೆ ಇತ್ರಿ. ನನ್ನ ಕೈಯಾರೆ ತೊಳದ ಗಾಡಿ. ಏನ ಮಾಡಿಬಿಟ್ಟೆ!"

ಹೊಲದಲ್ಲಿ ಒಂದು ಬಾವಿ, ಪಂಪು ನಡೆದಿತ್ತು. ಹೊಲದವರನ್ನು ಕೇಳಿ ನೀರು ತಂದೆ. ಅವಳು ಬಟ್ಟೆ ಕಸಿದುಕೊಳ್ಳಲು ಬಂದಾಗ ನಾನು ಕೊಡಲಿಲ್ಲ. "ಇವತ್ತ ನೀವು ಕುಂದರ್ರಿ," ಅಂದೆ. ಅವಳು ಸೀರೆಯ ಅಂಚು ತೊಳೆದುಕೊಂಡು ಬೇವಿನ ಗಿಡದ ಕೆಳಗೆ ಕೂತಳು. ನಾನು ತೊಳೆಯತೊಡಗಿದೆ. ನಾನು ನಾಲ್ಕು ಸಲ ಒರೆಸುವುದನ್ನು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಹಂಗ ಎಳೀಬ್ಯಾಡ್ರಿ, ಹೊಲಸು ಹೊಲಿಗಿ ಒಳಗ ಹೋಕ್ಕೈತಿ. ಬಟ್ಟಿ ಹಿಂಡ್ರಿ ಮದಲ. ಹಿಂಡೂದೂ ಬರೂದಿಲ್ಲೇನ್ರಿ ಮಾಸ್ತರ್ರ!"

ಹೇಳುತ್ತ ಹೇಳುತ್ತ ನಗು ಬಂತು ಅವಳಿಗೆ. ಕಣ್ಣಲ್ಲಿ ನೀರಿರುವಾಗಲೇ ನಕ್ಕಳು. ನಾನೂ ನಕ್ಕೆ. ನಾಲ್ಕೂ ಬಾಗಿಲು ತೆಗೆದು ಗಾಡಿಯನ್ನು ಗಾಳಿಗೆ ಬಿಟ್ಟು, ಅವಳಿಂದ ಒಂದು ಮಾರು ದೂರದಲ್ಲಿ ನಾನೂ ಕೂತೆ. ಸೀಟು ಒಣಗಬೇಕಿತ್ತು. ನಮಗೆ ಬೇರೆ ಕೆಲಸ ಇರಲಿಲ್ಲ.

ಆಗ ಅವಳು ಕಡ್ಡಿಯಿಂದ ಮಣ್ಣು ಗೀಚುತ್ತ ಅಂದಳು: "ಅಣ್ಣ ನನಗ ಉಡಿಕಿ ಮಾಡಿ ಇನ್ನೊಂದ ಮನಿಗೆ ಕೊಡಬೇಕಂತ ಮಾತ ತಗದಾನ್ರಿ. ಅಥಣಿ ಕಡೆ. ಹೇಣ್ತಿ ಸತ್ತಾಳಂತ, ಎರಡ ಸಣ್ಣ ಮಕ್ಕಳ ಅದಾವಂತ. ಇನ್ನೂ ನಾ ಏನೂ ಹೇಳಿಲ್ಲ."

ಇನ್ನೂ ಏನೂ ಹೇಳಿಲ್ಲ ಎಂದವಳು ನನ್ನ ಮುಖ ನೋಡಿದಳು. ಕಡ್ಡಿ ನಿಂತಿತ್ತು. ನನ್ನ ಬಾಯಲ್ಲಿ ಮಾತು ಇತ್ತು. ನನ್ನ ತಾಯಿ ಏನೆಂದಾಳು, ಊರಿನವರು ಏನೆಂದಾರು, ನನ್ನ ತಂಗಿಯ ಮದುವೆ ಇನ್ನೂ ಆಗಿಲ್ಲ, ಇವೆಲ್ಲ ಒಂದರ ಮೇಲೊಂದು ಬಂದು ಆ ಮಾತಿನ ಮೇಲೆ ಕೂತವು.

"ಒಳ್ಳೇದಾತಲ್ರಿ," ಅಂದೆ.

ಅವಳು ಕೈಯಲ್ಲಿದ್ದ ಕಡ್ಡಿ ಬಿಸಾಡಿದಳು. ಎದ್ದು ಹೋಗಿ ಸೀಟಿಗೆ ಕೈ ಹಚ್ಚಿ ನೋಡಿದಳು. "ಒಣಗೈತ್ರಿ. ನಡೀರಿ," ಅಂದಳು. ಇನ್ನು ಸೀಟು ಕೆಡಬಾರದು ಎಂದು ಮುಂದೆ ಬಂದು ನನ್ನ ಪಕ್ಕದಲ್ಲೇ ಕೂತಳು. ಮಂದಿ ನೋಡುತ್ತಾರೆ ಎಂದು ಈಗ ಅನ್ನಲಿಲ್ಲ. ರಾಯಬಾಗ ಬರುವವರೆಗೂ ರಸ್ತೆಯನ್ನೇ ನೋಡುತ್ತಿದ್ದಳು.

ಅಜ್ಜಿಗೆ ಅವಳೇ ಎಲ್ಲ ಹೇಳಿದಳು. ನಾನು ಮುಚ್ಚಿಡೋಣ ಅಂದುಕೊಂಡಿದ್ದೆ. ಅಜ್ಜಿ ನಕ್ಕು, "ನಮ್ಮ ಸೊಸಿನೂ ಮಾಡ್ತಾಳ, ಮಮ್ಮಕ್ಕಳೂ ಮಾಡ್ತಾವ. ಗಾಡಿ ಮನ್ಯಾಗಿನ ಮಂದಿದಾತು ಬಿಡು," ಎಂದು ಅವಳ ತಲೆ ಸವರಿದರು. ಹೋಳಿಗೆ ಬಡಿಸಿದರು. ಹೊರಡುವಾಗ ಕುಪ್ಪಸದ ಖಣ, ತೆಂಗಿನಕಾಯಿ ಕೊಟ್ಟು ಉಡಿ ತುಂಬಿದರು. ವಿಧವೆಗೆ ಉಡಿ ತುಂಬುವುದಿಲ್ಲ ಎಂದು ಅಲ್ಲಿದ್ದ ಹೆಂಗಸೊಬ್ಬಳು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಜ್ಜಿಗೂ ಕೇಳಿಸಿರಬೇಕು. ಕೈ ನಿಲ್ಲಿಸಲಿಲ್ಲ. ನಾವು ಬಸ್ಸಿನಲ್ಲಿ ನಿಪ್ಪಾಣಿಗೆ ವಾಪಸ್ಸಾದೆವು. ಅವಳಿಗೆ ಹೆಂಗಸರ ಸೀಟು ಸಿಕ್ಕಿತು. ನಾನು ಹಿಂದೆ ನಿಂತು ಬಂದೆ.

ಮುಂದಿನ ತಿಂಗಳು ಅವಳು ಕೆಲಸ ಬಿಟ್ಟಳು. ಕೊನೆಯ ದಿನ ಎಂದಿನಂತೆ ಬಟ್ಟೆ ಒಗೆದು ತಂತಿಯ ಮೇಲೆ ಹರವಿದಳು. "ಬರ್ತೇನ್ರಿ ಮಾಸ್ತರ್ರ," ಅಂದಳು. "ಹೂಂ, ಬರ್ರಿ," ಅಂದೆ. ಆಮೇಲೆ ನಾನು ಅಲ್ಲಿ ಆರು ವರ್ಷ ಇದ್ದೆ. ಅವಳು ಹೋದ ಮರುದಿನ, ಇನ್ನೂ ಮಾರದೆ ನಿಂತಿದ್ದ ಆ ಬಿಳೀ ಗಾಡಿಯ ಚೀಟಿಯನ್ನು ಹರಿದು ಇದ್ದದ್ದನ್ನು ಇದ್ದ ಹಾಗೆ ಬರೆದೆ; ಮುಂದೆ ಎಲ್ಲ ಗಾಡಿಗೂ ಹಾಗೆಯೇ ಬರೆದೆ. ಸಾವ್ಕಾರರು ಬೈದರು, ಆದರೆ ಬಿಡಿಸಲಿಲ್ಲ. ಚೀಟಿ ನಂಬಿ ಬರುವವರು ಹೆಚ್ಚಾಗಿದ್ದರು. ತಂಗಿಯ ಮದುವೆ ಆಯಿತು, ನನ್ನದೂ ಆಯಿತು. ನನ್ನ ಹೆಂಡತಿ ಒಳ್ಳೆಯವಳು. ಅವಳಿಗೆ ಇದನ್ನು ಹೇಳಿದ್ದೇನೆ, ಆ ಬೇವಿನ ಗಿಡದ ಕೆಳಗಿನದನ್ನು ಬಿಟ್ಟು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಅಥಣಿಯ ಬಸ್ ಸ್ಟ್ಯಾಂಡಿನಲ್ಲಿ, ಕಾರು ತೊಳೆಯುತ್ತಿದ್ದ ಅವಳನ್ನು ಮತ್ತೆ ಕಂಡೆ. ಸ್ವಲ್ಪ ದಪ್ಪಗಾಗಿದ್ದಳು, ಹಣೆಯ ಮೇಲೆ ಅಗಲ ಕುಂಕುಮ. ಜೊತೆಗೆ ಎತ್ತರದ ಹುಡುಗಿ, ಕೈಯಲ್ಲಿ ಕಾಲೇಜಿನ ಪುಸ್ತಕ.

"ಇವರ ಕೂಡ ನಾ ನಿಪ್ಪಾಣ್ಯಾಗ ಕೆಲಸಾ ಮಾಡ್ತಿದ್ದೆ," ಎಂದು ಹುಡುಗಿಗೆ ಹೇಳಿದಳು. "ಆರಾಮ ಅದೀರಿ? ಮಕ್ಕಳೆಷ್ಟ್ರಿ?"

"ಒಬ್ಬ ಮಗಾ. ನೀವು?"

"ಇಕಿ, ಇಕಿ ತಮ್ಮ. ಮತ್ತೊಂದ ನಂದು. ಮೂರೂ ನನ್ನವ," ಎಂದು ನಕ್ಕಳು. ಆ ನಗುವಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ನಾನು ಅದನ್ನೇ ಹುಡುಕಿದೆನೇನೋ, ಸಿಗಲಿಲ್ಲ.

ಅಷ್ಟರಲ್ಲಿ ಅವರ ಬಸ್ಸು ಬಂತು. ಹುಡುಗಿ ಓಡಿ ಹೋಗಿ ಕಿಟಕಿಯಿಂದ ಪುಸ್ತಕ ಹಾಕಿ ಜಾಗ ಹಿಡಿದು, "ಅವ್ವಾ, ಲಗೂ ಬಾ!" ಎಂದು ಕೂಗಿದಳು. ಅವಳು ಚೀಲ ಎತ್ತಿಕೊಂಡು ಗದ್ದಲದಲ್ಲಿ ನುಗ್ಗಿದಳು. ಏನೋ ಕೇಳಬೇಕು ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಏನೆಂದು ನನಗೇ ಗೊತ್ತಿರಲಿಲ್ಲ. ಬಸ್ಸು ಹೊರಟಿತು, ಧೂಳೆದ್ದಿತು. ನಾನು ನಿಪ್ಪಾಣಿಯ ಬಸ್ಸು ಎಷ್ಟು ಗಂಟೆಗೆ ಎಂದು ಪಕ್ಕದವರನ್ನು ಕೇಳಿದೆ. ಅವರು ಹೇಳಿದ್ದು ಕಿವಿಗೆ ಬೀಳಲಿಲ್ಲ, ಇನ್ನೊಮ್ಮೆ ಕೇಳಿದೆ.