ಬೇವಿನ ಮರದ ಸ್ಪೀಕರು

ಗಂಟಲಿನ ಆಪರೇಷನ್ ಆದ ಮೇಲೆ ಅಣ್ಣನಿಗೆ ಉಳಿದದ್ದು ಪಿಸುದನಿ. ಕಕ್ಕೇರಾದ ನಮ್ಮ ದೊಡ್ಡಿಯಲ್ಲಿ ಕುರಿಗಳು ಕೋಲಿಗಲ್ಲ, ಅವನ ಕೂಗಿಗೆ ಬರುತ್ತಿದ್ದವು. ಈಗ ಅಂಗೈಯಲ್ಲಿ ಉಪ್ಪು ಹಿಡಿದು ಹತ್ತಿರ ಪಿಸುಗುಟ್ಟಿದರಷ್ಟೇ ಬರುತ್ತಿದ್ದವು, ದೂರಕ್ಕೆ ಕೇಳುತ್ತಿರಲಿಲ್ಲ. ಕೂಗಿಗೆ ಬಾರದ ಹಿಂಡನ್ನು ದಾಯಾದಿಗಳಿಗೆ ಬಿಟ್ಟುಕೊಡುವುದು ನಮ್ಮ ಮನೆತನದ ರೂಢಿ.

ನಾನು ಶಹಾಪುರದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ಅವನಿಗೊಂದು ಆಂಪ್ಲಿಫೈಯರ್ ಪೆಟ್ಟಿಗೆ ಕಟ್ಟಿದೆ. ಪಿಸುದನಿಯಲ್ಲಿ ಇರುವುದೆಲ್ಲ ಚೂಪು ಸ್ವರ. ಸಾದಾ ಆಂಪ್ಲಿಫೈಯರ್ ನಡುವಿನ ಸ್ವರವನ್ನು ಉಬ್ಬಿಸಿ ಆ ಚೂಪನ್ನೇ ನುಂಗುತ್ತದೆ. ಅದಕ್ಕೆ ಫೀಡ್‌ಬ್ಯಾಕ್ ಕೊಟ್ಟೆ: ಹೊರಬಂದದ್ದರ ಒಂದಂಶ ತಲೆಕೆಳಗಾಗಿ ಮತ್ತೆ ಒಳಗೆ ಹೋಗಿ, ಹೆಚ್ಚಾದದ್ದನ್ನು ಕಳೆಯುತ್ತದೆ. ಜೋರು ತಗ್ಗುತ್ತದೆ, ಆದರೆ ದಪ್ಪ ಸ್ವರದಿಂದ ಚೂಪಿನವರೆಗೆ ಎಲ್ಲ ಸಮ. ಅಂಗಡಿಯಲ್ಲಿ ಅಣ್ಣನ ದನಿ ಚೂರೂ ಬಿಡದೆ ಕೇಳಿತು. ನನಗೆ ಕಣ್ಣೀರು ಬಂತು ಎಂದು ಬರೆಯಬಹುದು, ಬಂದಿತ್ತೆಂದು ಖಾತ್ರಿಯಿಲ್ಲ.

ದೊಡ್ಡಿಯಲ್ಲಿ ಕರೆಂಟು ಇದ್ದದ್ದು ಮನೆಯಲ್ಲಿ ಮಾತ್ರ, ಪೆಟ್ಟಿಗೆ ಅಲ್ಲಿಟ್ಟೆ; ಸ್ಪೀಕರು ಕಟ್ಟಿದ್ದು ಬೇವಿನ ಮರಕ್ಕೆ. ನಡುವೆ ಉದ್ದ ವೈರು. ‘ಕುರಿಗೂ ಮೈಕ್ ಬಂತು. ಇನ್ನ ಓಟು ಕೇಳೂದೊಂದ ಬಾಕಿ’ ಎಂದಳು ಅಣ್ಣನ ಹೆಂಡತಿ, ವೈನಿ. ಅಣ್ಣ ನಕ್ಕು, ಮೈಕಿನಲ್ಲಿ ಕರೆದ. ನಮಗೆ ಸ್ವಚ್ಛ ದನಿ. ಕುರಿಗಳು ದಿಕ್ಕೆಟ್ಟು ಓಡಿದವು.

ಮತ್ತೆ ಕರೆಸಿದೆ. ಮತ್ತೆ ಓಡಿದವು.

‘ನನಗ ಹೆದರಾಕತ್ತಾವೇನೊ, ತಮ್ಮಾ?’

ಮನೆಯೊಳಗೆ ಹೋಗಿ ಪೆಟ್ಟಿಗೆ ಮುಟ್ಟಿದೆ: ಸುಡುತ್ತಿತ್ತು. ಉದ್ದ ವೈರಿನ ಹೊರೆಯಿಂದ, ತೀರ ಚೂಪು ಸ್ವರದಲ್ಲಿ, ಒಳಗೆ ಮರಳಬೇಕಾದ ಆ ತಲೆಕೆಳಗಾದ ಅಂಶ ತಡವಾಗುತ್ತಿತ್ತು. ತಡವಾದದ್ದು ಕಳೆಯುವುದಿಲ್ಲ, ಕೂಡುತ್ತದೆ. ದನಿ ಒಳಹೊಕ್ಕಾಗಲೆಲ್ಲ ಯಂತ್ರ ತಾನೇ ಚೀರತೊಡಗುತ್ತದೆ. ಮನುಷ್ಯರ ಕಿವಿಗೆ ನಿಲುಕದ ಚೀರಾಟ ಅದು. ಕುರಿಗಳಿಗೆ ನಿಲುಕುತ್ತದೆ.

ಚೂಪನ್ನು ತಗ್ಗಿಸುವ ಕೆಪಾಸಿಟರ್ ಬೆಸೆದೆ. ಪೆಟ್ಟಿಗೆ ತಣ್ಣಗಾಯಿತು, ಅಂದರೆ ಚೀರಾಟ ನಿಂತಿತ್ತು; ಆದರೆ ದನಿ ಕಂಬಳಿಯೊಳಗಿಂದ ಬಂದಂತಾಯಿತು, ಅದು ಅಣ್ಣನದೆನ್ನುವ ಗುರುತೇ ಇಲ್ಲ. ಚಿಕ್ಕದನ್ನು ಹಾಕಿದೆ, ಚೀರಾಟ, ಓಟ. ಕೊನೆಗೆ ಮನೆಯಿಂದ ಕರೆಂಟಿನ ವೈರು ಎಳೆದು, ಪೆಟ್ಟಿಗೆಯನ್ನೇ ಮರದ ಬುಡಕ್ಕೆ ತಂದು ಸ್ಪೀಕರಿನ ವೈರು ಮೋಟು ಮಾಡಿದೆ. ಪೆಟ್ಟಿಗೆ ತಣ್ಣಗಿತ್ತು, ದನಿ ಅವನದೇ. ಕುರಿಗಳು ಆಗಲೂ ಓಡಿದವು. ಅಷ್ಟು ಸಲದಲ್ಲಿ ಅವು ಆ ದನಿಯನ್ನೇ ನೋವೆಂದು ಕಲಿತಿದ್ದವು.

ಅಣ್ಣ ಮೈಕ್ ಕೆಳಗಿಟ್ಟ. ಉಪ್ಪು ಹಿಡಿದು, ಬರಿ ಬಾಯಲ್ಲಿ, ಮುದಿ ಕುರಿಯ ಹತ್ತಿರ ಪಿಸುಗುಟ್ಟಿದ.

ಅದು ಹಿಂದೆ ಸರಿಯಿತು.

ಆಗ ಅವನು ಹೇಳಿದ ಮಾತನ್ನು ನನ್ನ ನೆನಪು ಒಂದೊಂದು ಸಲ ಒಂದೊಂದು ಥರ ಹೇಳುತ್ತದೆ. ಉಪ್ಪನ್ನು ನೆಲಕ್ಕೆ ಸುರಿದು ದೂರ ಹೋಗಿ ನಿಂತದ್ದು ಮಾತ್ರ ಬದಲಾಗುವುದಿಲ್ಲ. ಅವನು ದೂರಾದ ಮೇಲೆ ಕುರಿ ಬಂದು ನೆಕ್ಕಿತು.